ಕೈಯಿಂದ ಕೈಗೆ ದಾಟುವ ಹವಳ

ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂಬ ಆಸೆ ಹೊತ್ತು ಬಂದವರು ಮೊದಲು ವಿಚಾರಿಸುವುದು ಮೀನಿನ ಬೆಲೆಯನ್ನು. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಕ್ಲೌನ್ ಮೀನಿಗೆ ಎಷ್ಟು, ನೀಲಿ ಟ್ಯಾಂಗ್‌ಗೆ ಎಷ್ಟು ಎಂಬ ಪ್ರಶ್ನೆಗಳು ಮುಗಿದ ಮೇಲೆ ಹವಳದ ಮಾತು ಬರುತ್ತದೆ. ನಾನು ಮಾತ್ರ ಹವಳದಿಂದಲೇ, ಅದೂ ಅದಕ್ಕೆ ಸಂಬಂಧಿಸಿದ ಕಾನೂನಿನಿಂದಲೇ ಮಾತು ಶುರು ಮಾಡುತ್ತೇನೆ. ನಮ್ಮ ದೇಶದಲ್ಲಿ ಹವಳದ ಟ್ಯಾಂಕ್ ಹೇಗಿರಬಹುದು, ಹೇಗಿರಬೇಕು ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಇದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಕಡಲ ಜೀವಿಗಳ ದೊಡ್ಡ ಗುಂಪೊಂದನ್ನು ಸೇರಿಸಲಾಯಿತು. ದಿಬ್ಬ ಕಟ್ಟುವ ಕಲ್ಲುಹವಳಗಳೆಲ್ಲವೂ ಅದರಲ್ಲಿವೆ. ಕರಿಹವಳ, ಬೆಂಕಿಹವಳ, ಆರ್ಗನ್ ಪೈಪ್ ಹವಳ, ಬೀಸಣಿಗೆಯಂತೆ ಹರಡುವ ಗೋರ್ಗೋನಿಯನ್‌ಗಳು, ಕಡಲಕುದುರೆ, ಕಡಲಸೌತೆ, ಕೆಲವು ಜಾತಿಯ ದೈತ್ಯ ಚಿಪ್ಪುಗಳು ಸಹ ಸೇರಿವೆ. ಹುಲಿ ಇರುವುದು ಇದೇ ಅನುಸೂಚಿಯಲ್ಲಿ. ಜೀವಂತ ಹವಳಕ್ಕೆ ಮಾತ್ರ ಈ ರಕ್ಷಣೆ ಎಂದುಕೊಳ್ಳಬೇಡಿ. ಸತ್ತ ಹವಳದ ಬಿಳಿ ತುಂಡು, ಕಡಲಿನಿಂದ ಎತ್ತಿ ತಂದ, ಜೀವಿಗಳು ನೆಲೆಸಿದ ಕಲ್ಲು (ಲೈವ್ ರಾಕ್) ಕೂಡ ಇದೇ ಕಾನೂನಿನ ಕೈಗೆ ಸಿಗುತ್ತವೆ. ನಮ್ಮದೇ ಮುರುಡೇಶ್ವರದ ಆಚೆ, ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಸ್ಕೂಬಾ ಇಳಿದವರು ಅಲ್ಲಿಂದ ಒಂದು ಮುಷ್ಟಿ ಕಲ್ಲನ್ನೂ ತರುವಂತಿಲ್ಲ.

ಅಂಗಡಿಯಲ್ಲಿ ಹ್ಯಾಮರ್, ಟಾರ್ಚ್, ಬ್ರೈನ್, ಅಕ್ರೊಪೋರಾ ಎಂದು ಹೆಸರು ಹೇಳಿ ಮಾರುವುದೆಲ್ಲ ಕಲ್ಲುಹವಳವೇ. ರಾಜಾರೋಷವಾಗಿ ಮಾರುತ್ತಾರೆ ಎಂದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಕಲ್ಲುಹವಳಗಳಿವೆ. ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಸೈಟಿಸ್ ಪಟ್ಟಿಯ ಜೀವಿಗಳನ್ನು ಸಾಕುವವರು ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂದಿದೆ. ಹಾಗಾಗಿ ಕಲ್ಲುಹವಳದ ಆಸೆಯನ್ನು ಬದಿಗಿಟ್ಟು, ಮೃದು ಹವಳಗಳ ಟ್ಯಾಂಕ್ ಕಟ್ಟಿ ಎಂಬುದೇ ನನ್ನ ಸಲಹೆ. ಮಶ್ರೂಮ್, ಲೆದರ್, ಝೀನಿಯಾ, ಜೊವಾಂಥಿಡ್ ಇವು ಯಾವುವೂ ಮೇಲೆ ಹೇಳಿದ ಗುಂಪುಗಳಿಗೆ ಸೇರಿದವಲ್ಲ. ಅಂಗಡಿಯಿಂದ ಕೊಂಡರೆ ಬಿಲ್ಲು ಕೇಳಿ, ಆಮದಿನ ಕಾಗದ ಕೇಳಿ. ಅದಕ್ಕಿಂತ ಉತ್ತಮ ದಾರಿಯೆಂದರೆ ಈಗಾಗಲೇ ಸಾಕುತ್ತಿರುವವರ ಟ್ಯಾಂಕಿನಲ್ಲಿ ಬೆಳೆದ ತುಂಡನ್ನು ಪಡೆಯುವುದು.

ಕಾನೂನಿನ ಭಯಕ್ಕಿಂತ ದೊಡ್ಡ ಕಾರಣ ಕಡಲಿನಲ್ಲೇ ಇದೆ. ಲಕ್ಷದ್ವೀಪದ ಹವಳಗಳು 1998, 2010, 2016 ಮತ್ತು 2024ರಲ್ಲಿ ನೀರಿನ ಬಿಸಿ ತಾಳಲಾರದೆ ಬಿಳಿಚಿಕೊಂಡವು. ಹಿಂದಿನ ಗಾಯ ಮಾಯುವ ಮೊದಲೇ ಮುಂದಿನ ಪೆಟ್ಟು ಬೀಳುತ್ತಿದೆ. ಅಂಥ ದಿಬ್ಬದಿಂದ ಕಿತ್ತು ತಂದದ್ದನ್ನು ಡ್ರಾಯಿಂಗ್ ರೂಮಿನಲ್ಲಿಟ್ಟು ಸಂತೋಷಪಡಲು ನನ್ನಿಂದಾಗದು. ಮನೆಯಿಂದ ಮನೆಗೆ ದಾಟಿ ಬಂದ ಹವಳವನ್ನು ಇಡಬಹುದು; ಅದು ಮತ್ತೆ ಮತ್ತೆ ಕವಲೊಡೆಯುತ್ತದೆ, ಕಡಲಿಗೆ ಹೊರೆಯಾಗುವುದಿಲ್ಲ.

ಜಾಗ, ಭಾರ, ನೀರು

ಟ್ಯಾಂಕ್ ಚಿಕ್ಕದಿದ್ದಷ್ಟೂ ಸುಲಭ ಎಂದು ಹೊಸಬರು ತಿಳಿಯುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು. ಮೂವತ್ತು ಲೀಟರಿನ ಟ್ಯಾಂಕಿನಿಂದ ಒಂದೂವರೆ ಲೀಟರ್ ಆವಿಯಾದರೆ 35 ಇದ್ದ ಲವಣಾಂಶ 37ರ ಹತ್ತಿರ ಬರುತ್ತದೆ. ಉಪ್ಪು ಆವಿಯಾಗುವುದಿಲ್ಲವಲ್ಲ! ಅದೇ ಒಂದೂವರೆ ಲೀಟರು ದೊಡ್ಡ ಟ್ಯಾಂಕಿನಲ್ಲಿ ಲೆಕ್ಕಕ್ಕೇ ಬರದು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಕಲಿಯುವವರಿಗೆ ಹದವಾದ ಅಳತೆ. ಅದಕ್ಕೆ ಸುಮಾರು 190 ಲೀಟರ್ ಹಿಡಿಸುತ್ತದೆ. ಗಾಜು, ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿಡುವ ಸಂಪ್ ಎಂಬ ಸಹಾಯಕ ತೊಟ್ಟಿಯ ನೀರು ಎಲ್ಲ ಕೂಡಿಸಿದರೆ ಮುನ್ನೂರು ಕಿಲೋ ಸಲೀಸಾಗಿ ದಾಟುತ್ತದೆ. ಮನೆಯ ಕೋಣೆಗಳ ನೆಲವನ್ನು ವಿನ್ಯಾಸ ಮಾಡುವಾಗ ಚದರ ಮೀಟರಿಗೆ ಸುಮಾರು 200 ಕಿಲೋ ಹೊರೆಯ ಲೆಕ್ಕ ಹಿಡಿದಿರುತ್ತಾರೆ. ಆದ್ದರಿಂದ ಬಾಲ್ಕನಿ ಬೇಡ, ಕೋಣೆಯ ನಡುಮಧ್ಯ ಬೇಡ. ಕೆಳಗೆ ತೊಲೆ ಹಾದುಹೋಗುವ ಗೋಡೆಗೆ ಒತ್ತಿ ಇಡಿ. ಇದಕ್ಕಿಂತ ದೊಡ್ಡದು ಬೇಕೆಂದರೆ ಎಂಜಿನಿಯರರನ್ನು ಒಮ್ಮೆ ಕೇಳಿ. ಕಿಟಕಿಯ ನೇರ ಬಿಸಿಲು ಬೀಳುವ ಜಾಗವೂ ಆಗದು.

ನೀರಿನ ವಿಷಯದಲ್ಲಿ ನನ್ನದು ಸ್ವಲ್ಪ ಹಟ. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಗಡಸುತನವೂ ಇರುತ್ತದೆ, ಬಹಳ ಕಡೆ ನೈಟ್ರೇಟೂ ಇರುತ್ತದೆ. ಕಾವೇರಿ ನೀರು ಅಷ್ಟು ಗಡಸಲ್ಲ, ಆದರೆ ಅದರಲ್ಲಿ ಕ್ಲೋರಿನ್. ಆರ್‌ಒ ಶುದ್ಧೀಕರಣದ ನಂತರ ಉಳಿದ ಲವಣಗಳನ್ನು ಹಿಡಿಯುವ ಡಿಐ ರಾಳದ ಮೂಲಕ ಹಾಯಿಸಿ, ಟಿಡಿಎಸ್ ಮೀಟರು ಸೊನ್ನೆ ತೋರಿಸುವ ನೀರನ್ನೇ ಬಳಸಬೇಕು. ಅಡುಗೆಮನೆಯ ಆರ್‌ಒ ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ರುಚಿಗೆಂದು ಖನಿಜ ಮರಳಿ ಬೆರೆಸುವ ವ್ಯವಸ್ಥೆ ಅದರಲ್ಲಿರುತ್ತದೆ. ಈಗೀಗ ತಾಮ್ರದ ಅಂಶ ಸೇರಿಸುವ ಯಂತ್ರಗಳೂ ಬಂದಿವೆ. ನಮ್ಮ ಆರೋಗ್ಯಕ್ಕೆ ಒಳ್ಳೆಯದೆಂದು ಹೊಗಳಿಸಿಕೊಳ್ಳುವ ತಾಮ್ರ ಸಿಗಡಿ, ಶಂಖದ ಹುಳು, ಹವಳಗಳ ಪಾಲಿಗೆ ವಿಷ. ಟ್ಯಾಂಕಿಗೆ ನೀರು ಹಾಕಲು ತಾಮ್ರದ ಚೊಂಬು, ಹಿತ್ತಾಳೆಯ ಕೊಳಗ ಮುಟ್ಟಲೇಬೇಡಿ. ಪ್ಲಾಸ್ಟಿಕ್ ಬಕೆಟ್ ಒಂದನ್ನು ಇದಕ್ಕೆಂದೇ ತೆಗೆದಿಟ್ಟು, ಸೋಪು ತಾಗದಂತೆ ನೋಡಿಕೊಳ್ಳಿ.

ಅಡುಗೆ ಉಪ್ಪಿನಿಂದ ಕಡಲು ಆಗುವುದಿಲ್ಲ. ಅಕ್ವೇರಿಯಂಗೆಂದೇ ತಯಾರಿಸಿದ ಸಾಲ್ಟ್ ಮಿಕ್ಸ್ ಬೇಕು; ಲೀಟರಿಗೆ ಸುಮಾರು 37–38 ಗ್ರಾಂ, ಅಂದರೆ ಇಪ್ಪತ್ತು ಲೀಟರಿನ ಕ್ಯಾನಿಗೆ ಹತ್ತಿರಹತ್ತಿರ ಮುಕ್ಕಾಲು ಕಿಲೋ. ನೀರಿಗೆ ಉಪ್ಪು ಹಾಕಿ, ಉಪ್ಪಿನ ಮೇಲೆ ನೀರು ಸುರಿಯಬೇಡಿ. ಹಾಗೆ ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಸಣ್ಣ ಪಂಪಿನಿಂದ ಕಲಕುತ್ತಾ ಬಿಟ್ಟು, ಕಾಳೆಲ್ಲ ಕರಗಿ ನೀರು ತಿಳಿಯಾದ ಮೇಲೆ ಅಳೆಯಿರಿ. ಲವಣಾಂಶ ಸಾವಿರಕ್ಕೆ 35 ಅಂಶ, ಸಾಪೇಕ್ಷ ಸಾಂದ್ರತೆಯಲ್ಲಿ ಹೇಳುವುದಾದರೆ 1.025ರಿಂದ 1.026. ರಿಫ್ರಾಕ್ಟೋಮೀಟರನ್ನು ಬರಿಯ ನೀರಿನಿಂದಲ್ಲದೆ 35 ಅಂಶದ ಮಾದರಿ ದ್ರಾವಣದಿಂದಲೇ ಸರಿಹೊಂದಿಸಿಕೊಳ್ಳಿ. ಮಂಗಳೂರು, ಉಡುಪಿ ಕಡೆಯವರು ಕಡಲ ನೀರನ್ನೇ ತರುವುದುಂಟು. ಮಳೆಗಾಲದಲ್ಲಿ ಆ ಕೆಲಸ ಬೇಡ; ನೇತ್ರಾವತಿಯಂಥ ಹೊಳೆಗಳು ಕಡಲನ್ನು ಸಪ್ಪೆ ಮಾಡಿರುತ್ತವೆ. ಉಳಿದ ಕಾಲದಲ್ಲೂ ಅಳಿವೆಯಿಂದ, ಬೋಟುಗಳ ಡೀಸೆಲ್ ಹರಡುವ ದಕ್ಕೆಯಿಂದ ದೂರ ಹೋಗಿ, ಭರತದ ಹೊತ್ತಿನಲ್ಲಿ ತುಂಬಿಸಿ, ಸೋಸಿ, ಲವಣಾಂಶ ಅಳೆದು ಬಳಸಬೇಕು.

ಕಾಯುವ ವಾರಗಳು

ಕಲ್ಲಿಗೆ ಕಡಲಿನ ಕಲ್ಲೇ ಬೇಕಿಲ್ಲ. ಅಕ್ವೇರಿಯಂಗೆಂದು ತಯಾರಿಸಿದ ರಂಧ್ರಭರಿತ ಒಣಕಲ್ಲು ಸಾಕು. ಆ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ನೆಲೆಸಬೇಕು. ಟ್ಯಾಂಕಿನ ಜೀವ ಅವುಗಳ ಮೇಲೆ ನಿಂತಿದೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೀನಿಲ್ಲದ ಟ್ಯಾಂಕಿಗೆ ಚಿಟಿಕೆ ಮೀನಿನ ಆಹಾರವನ್ನೋ ಅಮೋನಿಯಂ ಕ್ಲೋರೈಡನ್ನೋ ಹಾಕಿ, ಬಾಟಲಿಯ ಬ್ಯಾಕ್ಟೀರಿಯಾ ಸುರಿದು ಕಾಯಬೇಕು. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ನೈಟ್ರೇಟ್ ಕಂಡ ಮೇಲಷ್ಟೇ ಮೊದಲ ಮೀನು. ಮೀನು ಹಾಕಿಯೇ ಈ ಹಂತ ದಾಟಿಸುವ ಹಳೆಯ ಪದ್ಧತಿ ಕ್ರೌರ್ಯ. ಅಮೋನಿಯಾ ಅದರ ಕಿವಿರನ್ನು ಸುಡುತ್ತದೆ.

ಆಮೇಲೆ ಬರುವುದು ಟ್ಯಾಂಕಿನ ಕುರೂಪದ ಕಾಲ. ಮರಳಿನ ಮೇಲೆ ಕಂದು ಧೂಳಿನಂಥ ಡಯಾಟಂ, ಅದು ಹೋದ ಮೇಲೆ ಕಲ್ಲಿನ ಮೇಲೆ ಹಸಿರು ಕೂದಲು, ಕೆಲವೊಮ್ಮೆ ಕೆಂಪು ಲೋಳೆಯ ಪದರ. ಅರ್ಧಕ್ಕೇ ಕೈಬಿಡುವವರಲ್ಲಿ ಹೆಚ್ಚಿನವರು ಕೈಬಿಡುವುದು ಇಲ್ಲೇ. ಔಷಧಿ ಸುರಿಯಬೇಡಿ. ಟ್ರೋಕಸ್, ಟರ್ಬೊ ಜಾತಿಯ ಶಂಖದ ಹುಳುಗಳನ್ನು ಬಿಡಿ, ಆಹಾರ ಕಡಿಮೆ ಮಾಡಿ, ವಾರಕ್ಕೆ ಹತ್ತು ಪಾಲಿಗೊಂದು ಪಾಲು ನೀರು ಬದಲಿಸುತ್ತ ಹೋಗಿ. ಹಾಗೆಂದು ನೈಟ್ರೇಟ್, ಫಾಸ್ಫೇಟನ್ನು ಪೂರ್ತಿ ಸೊನ್ನೆ ಮಾಡುವ ಉಮೇದೂ ಬೇಡ. ಮೃದು ಹವಳಕ್ಕೆ ತುಸು ಕೊಳೆ ಬೇಕು. ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಒಳ್ಳೆಯದು. ಎರಡನ್ನೂ ಬರಿದು ಮಾಡಿದ ಟ್ಯಾಂಕುಗಳಲ್ಲೇ ಗುಳ್ಳೆ ಹಿಡಿದ ಕಂದು ಲೋಳೆಯ ಡೈನೊಫ್ಲಾಜೆಲೇಟ್ ಕಾಟ ಜಾಸ್ತಿ. ಕ್ಷಾರೀಯತೆ 8–9 ಡಿಕೆಎಚ್, ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1,250–1,350 ಪಿಪಿಎಂ ಎಂಬ ಗುರಿಗಳನ್ನು ಮೃದು ಹವಳದ ಟ್ಯಾಂಕಿನಲ್ಲಿ ನೀರಿನ ಬದಲಾವಣೆಯೊಂದೇ ಕಾಪಾಡಿಕೊಳ್ಳುತ್ತದೆ. ಸಂಖ್ಯೆ ತುಸು ಆಚೀಚೆ ಇರಲಿ, ತೊಂದರೆಯಿಲ್ಲ. ಅದು ದಿನದಿಂದ ದಿನಕ್ಕೆ ಜಿಗಿದಾಡಬಾರದು.

ಹರಿವು, ಬೆಳಕು, ಬಿಸಿ

1846ರಲ್ಲಿ ಅನ್ನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಸಣ್ಣ ಕಲ್ಲುಹವಳಗಳನ್ನು ಲಂಡನ್ನಿನ ತನ್ನ ಮನೆಗೆ ಒಯ್ದಳು. ಬದಲಿಸಲು ಹೊಸ ಕಡಲ ನೀರು ಅಲ್ಲಿ ಸಿಗುತ್ತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಮುಂದೆ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಿನವೂ ಅರ್ಧ ಮುಕ್ಕಾಲು ಗಂಟೆ ಸುರಿಸುವುದು ಮನೆಗೆಲಸದ ಹೆಂಗಸಿನ ಪಾಲಿಗೆ ಬಂದ ಕೆಲಸ. ಮರುವರ್ಷ ಪಾತ್ರೆಗೆ ಕಡಲಪಾಚಿ ಸೇರಿಸಿದಳು. ಹವಳಗಳು ಬದುಕಿದವು. ನೂರಕ್ಕೂ ಹೆಚ್ಚು ವರ್ಷಗಳ ನಂತರ, 1961ರಲ್ಲಿ, ಇಂಡೊನೇಷ್ಯಾದ ಲೀ ಚಿನ್ ಎಂಗ್ ತನ್ನ ವಿಧಾನವನ್ನು ಬರೆದು ಜಗತ್ತಿಗೆ ತಿಳಿಸಿದ: ಜೀವಂತ ಕಲ್ಲು, ಬಿಸಿಲು, ಗಾಳಿಯ ಗುಳ್ಳೆ, ಅಷ್ಟೇ. ಇಂದಿನ ಉಪಕರಣಗಳ ಪಟ್ಟಿ ನೋಡಿ ಹೆದರಿದವರಿಗೆ ನಾನು ಈ ಇಬ್ಬರ ಕಥೆ ಹೇಳುತ್ತೇನೆ. ನೀರು ಚಲಿಸುತ್ತಿರಬೇಕು, ಅದಕ್ಕೆ ಗಾಳಿ ತಾಗುತ್ತಿರಬೇಕು. ಉಳಿದ ಉಪಕರಣಗಳ ಸರದಿ ಆಮೇಲೆ.

ಹಾಗಾಗಿ ದುಡ್ಡು ಖರ್ಚು ಮಾಡುವುದಾದರೆ ಮೊದಲು ನೀರನ್ನು ಕಲಕಿ ಹರಿಸುವ ಒಳ್ಳೆಯ ವೇವ್‌ಮೇಕರ್ ಎರಡನ್ನು ಕೊಳ್ಳಿ. ಗಂಟೆಗೆ ಟ್ಯಾಂಕಿನ ಗಾತ್ರದ ಹತ್ತರಿಂದ ಇಪ್ಪತ್ತು ಪಟ್ಟು ಹರಿವು ಮೃದು ಹವಳಕ್ಕೆ ಸಾಕು. ಹರಿವು ನೇರ ಹವಳದ ಮುಖಕ್ಕೆ ಹೊಡೆಯಬಾರದು. ಗಾಜಿಗೆ ತಾಗಿ ಒಡೆದು ಹರಡಬೇಕು. ಕೊಳೆ ಕೊಳೆಯುವ ಮೊದಲೇ ನೊರೆಯಾಗಿ ಎತ್ತಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಮೀನು ಸಾಕುವುದು ನಿರಾಳ.

ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿದೆ. ಅದು ಬೆಳಕಿನಿಂದ ತಯಾರಿಸಿದ ಸಕ್ಕರೆಯಲ್ಲಿ ಹವಳಕ್ಕೂ ಪಾಲಿದೆ. ನೀಲಿಯಂಶ ಹೆಚ್ಚಿರುವ ಎಲ್‌ಇಡಿ ದಿನಕ್ಕೆ ಎಂಟೊಂಬತ್ತು ಗಂಟೆ ಉರಿದರೆ ಸಾಕು. ಹೊಸ ದೀಪವನ್ನು ಪೂರ್ತಿ ಪ್ರಖರತೆಯಲ್ಲಿ ಹಚ್ಚಬೇಡಿ. ಅರ್ಧಕ್ಕಿಂತ ಕಡಿಮೆಯಿಂದ ಶುರುಮಾಡಿ ವಾರವಾರ ಏರಿಸಿ. ಕಡಿಮೆ ಬೆಳಕಿನಲ್ಲಿ ಹವಳ ನಿಧಾನವಾಗಿ ಸೊರಗುತ್ತದೆ, ನಿಮಗೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಹೆಚ್ಚಾದರೆ ಕೆಲವೇ ದಿನದಲ್ಲಿ ಬಿಳಿಚುತ್ತದೆ.

ಬಿಸಿಯ ಪ್ರಶ್ನೆಗೆ ಊರೂರಿಗೆ ಉತ್ತರ ಬೇರೆ. ಟ್ಯಾಂಕಿನ ನೀರು 24ರಿಂದ 27 ಡಿಗ್ರಿಯ ನಡುವೆ ಇರಬೇಕು. ಬೆಂಗಳೂರು, ಮೈಸೂರುಗಳ ಬೇಸಿಗೆಯ ಗಾಳಿ ಒಣಗಾಳಿ. ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿದರೆ ಆವಿಯಾಗುವಿಕೆಯಿಂದಲೇ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದಕ್ಕೆ ಪ್ರತಿಯಾಗಿ ದಿನಕ್ಕೆ ಕೆಲವು ಲೀಟರ್ ಸಿಹಿನೀರು, ನೆನಪಿರಲಿ ಉಪ್ಪುನೀರಲ್ಲ, ತುಂಬಿಸುತ್ತಿರಬೇಕು. ಮಂಗಳೂರಿನಲ್ಲಿ ಈ ಉಪಾಯ ನಡೆಯದು. ಗಾಳಿಯೇ ತೇವದಿಂದ ತುಂಬಿರುವಾಗ ಟ್ಯಾಂಕಿನ ನೀರು ಆವಿಯಾಗುವುದೆಲ್ಲಿಗೆ? ಕರಾವಳಿಯವರು ನೀರು ತಣಿಸುವ ಚಿಲ್ಲರ್ ಯಂತ್ರದ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕರೆಂಟಿನ ಲೆಕ್ಕ ಹೀಗೆ: ಪಂಪು, ಸ್ಕಿಮ್ಮರ್, ವೇವ್‌ಮೇಕರ್ ಸೇರಿ 45 ವ್ಯಾಟ್ ಇಡೀ ದಿನ, 80 ವ್ಯಾಟಿನ ದೀಪ ಒಂಬತ್ತು ಗಂಟೆ, ಒಟ್ಟು ದಿನಕ್ಕೆ 1.8 ಯೂನಿಟ್, ತಿಂಗಳಿಗೆ ಸುಮಾರು 54. ಚಿಲ್ಲರ್ ಬಂದರೆ ಅದು ಬೇರೆ.

ಕರೆಂಟ್ ಹೋದಾಗ ದೀಪ ಆರುವುದರಿಂದ ಅಪಾಯವಿಲ್ಲ, ನೀರು ನಿಲ್ಲುವುದರಿಂದ ಇದೆ. ನಿಂತ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಕುಸಿಯುತ್ತದೆ. ಮನೆಯ ಇನ್ವರ್ಟರಿಗೆ ಹತ್ತು ವ್ಯಾಟಿನ ಒಂದೇ ಒಂದು ವೇವ್‌ಮೇಕರ್ ಜೋಡಿಸಿದರೆ ದೊಡ್ಡ ಬ್ಯಾಟರಿ ಎರಡು ದಿನಕ್ಕೂ ಮಿಕ್ಕಿ ಎಳೆಯುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ಪಂಪು ನಿಂತಾಗ ಮೇಲಿನ ನೀರು ಪೈಪಿನಲ್ಲಿ ಹಿಂದಿರುಗಿ ಸಂಪಿಗೆ ಇಳಿಯುತ್ತದೆ. ಅದು ಹಿಡಿಸುವಷ್ಟು ಜಾಗ ಸಂಪಿನಲ್ಲಿ ಖಾಲಿ ಇರಬೇಕು. ಟ್ಯಾಂಕ್ ತುಂಬಿಸಿದ ದಿನವೇ ಬೇಕೆಂದು ಸ್ವಿಚ್ ಆರಿಸಿ ನೋಡಿ. ಉಪ್ಪುನೀರು ಮತ್ತು ವಿದ್ಯುತ್ ಪಕ್ಕಪಕ್ಕ ಇರುವುದರಿಂದ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ವೈರುಗಳು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮತ್ತೆ ಮೇಲೇರುವಂತಿರಲಿ. ಜಾರಿದ ಹನಿ ಅಲ್ಲೇ ಉದುರುತ್ತದೆ.

ನಮ್ಮ ಮನೆಗಳಿಗೇ ವಿಶೇಷವಾದ ಒಂದು ಎಚ್ಚರಿಕೆ ಇದೆ. ಏರ್ ಪಂಪೂ ಸ್ಕಿಮ್ಮರೂ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬೆರೆಸುತ್ತವೆ. ಸೊಳ್ಳೆಬತ್ತಿ, ಜಿರಲೆ ಸ್ಪ್ರೇಗಳ ಕೀಟನಾಶಕ ಸಿಗಡಿ, ಏಡಿಗಳನ್ನು ಕೊಲ್ಲುತ್ತದೆ. ಕೀಟಕ್ಕೂ ಸಿಗಡಿಗೂ ನಂಟು ಹತ್ತಿರದ್ದು. ಧೂಪ, ಸಾಂಬ್ರಾಣಿಯ ಹೊಗೆ ದೇವರ ಕೋಣೆಯಲ್ಲೇ ಉಳಿಯಲಿ. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವ ದಿನ ಗಾಳಿಯ ಕೊಳವೆಯನ್ನು ಕಿಟಕಿಯಾಚೆ ಇಡಿ.

ಮೀನು ಕೊನೆಗೆ

ಈ ಗಾತ್ರದ ಟ್ಯಾಂಕಿಗೆ ನಾಲ್ಕೈದು ಚಿಕ್ಕ ಮೀನು ಸಾಕು. ಕ್ಲೌನ್ ಮೀನಿನ ಜೋಡಿಯಿಂದ ಶುರುಮಾಡಿ, ಸಾಕಿ ಮರಿಮಾಡಿಸಿದ್ದನ್ನೇ ಕೇಳಿ ತನ್ನಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಳಿಂಜಂ, ಮಂಡಪಂ ಕೇಂದ್ರಗಳಲ್ಲಿ ಇವುಗಳ ಮರಿ ಮಾಡಿಸುವ ವಿಧಾನ ಕೈಗೂಡಿದೆ. ಕಡಲಿಗೆ ಬಲೆ ಹಾಕುವ ಅಗತ್ಯವೇ ಇಲ್ಲ. ಬಾಂಗಾಯ್ ಕಾರ್ಡಿನಲ್ ಕೂಡ ಹಾಗೆಯೇ. ಇಂಡೊನೇಷ್ಯಾದ ಒಂದು ಸಣ್ಣ ದ್ವೀಪಸಮೂಹವೇ ಅದರ ಮೂಲ ನೆಲೆ, ಅಲ್ಲಿ ಅದು ಅಳಿವಿನಂಚಿನಲ್ಲಿದೆ. ಸಾಕಿದ ಮರಿ ಸಿಕ್ಕರೆ ಮಾತ್ರ ತನ್ನಿ. ನೀಲಿ ಟ್ಯಾಂಗ್ ಮೂವತ್ತು ಸೆಂಟಿಮೀಟರ್ ಬೆಳೆಯುವ ಮೀನು, ಮೂರಡಿ ಟ್ಯಾಂಕಿಗೆ ಅದನ್ನು ತರುವುದು ಅನ್ಯಾಯ. ಮ್ಯಾಂಡರಿನ್ ಎಷ್ಟೇ ಸುಂದರವಾಗಿರಲಿ, ಕಲ್ಲಿನ ಸಂದಿನ ಕೊಪೆಪಾಡ್ ಎಂಬ ಪುಟ್ಟ ಜೀವಿಗಳನ್ನು ಹೆಕ್ಕಿ ತಿನ್ನುವ ಆ ಮೀನು ಹೊಸ ಟ್ಯಾಂಕಿನಲ್ಲಿ ಹಸಿವಿನಿಂದ ಸಾಯುತ್ತದೆ.

ಮೀನು, ಹವಳ ಯಾವುದೇ ಬರಲಿ, ಮೊದಲು ಬೇರೆ ತೊಟ್ಟಿಯಲ್ಲಿರಲಿ. ಬಿಳಿ ಚುಕ್ಕೆ ರೋಗದ ಪರಾವಲಂಬಿ ಮೀನಿನಿಂದ ಉದುರಿ ಕಲ್ಲಿಗೆ ಗಂಟಾಗಿ ಅಂಟಿ ಕೂರುತ್ತದೆ. ಹವಳಕ್ಕೆ ಆ ರೋಗ ಬರುವುದಿಲ್ಲ, ಆದರೆ ಹವಳ ಕೂತ ಕಲ್ಲಿನ ಮೇಲೆ ಅದು ಪ್ರಯಾಣ ಮಾಡುತ್ತದೆ. ಮೀನಿಲ್ಲದ ತೊಟ್ಟಿಯಲ್ಲಿ ಎರಡೂವರೆ ತಿಂಗಳು ಕಳೆದರೆ ಅದರ ಕಥೆ ಮುಗಿದಂತೆ. ತಾಮ್ರದ ಔಷಧಿ ಆ ಬೇರೆ ತೊಟ್ಟಿಯ ಮೀನಿಗೆ ಮಾತ್ರ, ಹವಳದ ಟ್ಯಾಂಕಿಗೆ ಎಂದೆಂದಿಗೂ ಇಲ್ಲ.

ಹಂಚುವ ಕೆಲಸ

ಒಂದು ಲೆದರ್ ಹವಳವನ್ನು ಹತ್ತಿರದಿಂದ ನೋಡಿ. ಅಗಲವಾದ ಟೋಪಿಯ ಮೇಲೆ ನೂರಾರು ಸಣ್ಣ ಕೊಳವೆಗಳು, ಪ್ರತಿಯೊಂದರ ತುದಿಯಲ್ಲಿ ಎಂಟು ಎಸಳು. ಒಂದು ಬೆಳಗ್ಗೆ ಅವೆಲ್ಲ ಒಳಸೇರಿ, ಟೋಪಿ ಬೂದುಬಣ್ಣಕ್ಕೆ ತಿರುಗಿ, ಮೇಣ ಸವರಿದಂತೆ ಹೊಳೆಯತೊಡಗುತ್ತದೆ. ಒಂದು ವಾರವಾದರೂ ತೆರೆಯುವುದಿಲ್ಲ, ಕೆಲವೊಮ್ಮೆ ಎರಡು ವಾರ. ಸತ್ತಿತೆಂದು ಎತ್ತಿ ಎಸೆದವರೂ ಇದ್ದಾರೆ. ಅದು ಪೊರೆ ಬಿಡುತ್ತಿರುತ್ತದೆ ಅಷ್ಟೇ. ಮೇಲಿನ ಮೇಣದ ಪದರ ಹರಿವಿಗೆ ಸಿಕ್ಕಿ ಹರಿದು ತೇಲಿಹೋಗುತ್ತದೆ, ಅದರ ಜೊತೆ ಮೈಮೇಲೆ ಕೂತಿದ್ದ ಪಾಚಿಯೂ ಹೋಗುತ್ತದೆ. ಮರುದಿನ ಎಸಳುಗಳು ಮೊದಲಿಗಿಂತ ಉದ್ದಕ್ಕೆ ಚಾಚಿರುತ್ತವೆ. ಇಂಥದ್ದನ್ನು ಹೇಳಿಕೊಡುವವರು ಪಕ್ಕದಲ್ಲಿದ್ದರೆ ಒಂದು ಹವಳ ಉಳಿಯುತ್ತದೆ. ಈ ಹವ್ಯಾಸಕ್ಕೆ ಗೆಳೆಯರು ಬೇಕೇ ಬೇಕು ಎಂದು ನಾನು ವಾದಿಸುವುದು ಅದಕ್ಕೇ.

ಹವಳದ ತುಂಡು ಮಾಡುವುದು ಕಷ್ಟವಲ್ಲ. ಲೆದರ್ ಆದರೆ ಟ್ಯಾಂಕಿನ ನೀರು ತುಂಬಿದ ಬೇರೆ ಪಾತ್ರೆಗೆ ಅದನ್ನು ತೆಗೆದು, ಹರಿತವಾದ ಹೊಸ ಬ್ಲೇಡಿನಿಂದ ಟೋಪಿಯ ಅಂಚಿನ ಒಂದು ಮಡಿಕೆಯನ್ನು ಒಂದೇ ಏಟಿಗೆ ಕೊಯ್ಯಿರಿ. ಲೋಳೆ ಸುರಿಯುತ್ತದೆ, ವಾಸನೆ ಬರುತ್ತದೆ. ಟ್ಯಾಂಕಿನ ನೀರಿನಲ್ಲೇ ಅಲುಗಿಸಿ ತೊಳೆಯಿರಿ. ಲೋಳೆಯ ಮೈಗೆ ಅಂಟು ಹಿಡಿಯದು. ಸಣ್ಣ ಕಲ್ಲಿನ ಮೇಲಿಟ್ಟು ರಬ್ಬರ್ ಬ್ಯಾಂಡಿನಿಂದ ಸಡಿಲವಾಗಿ ಸುತ್ತಿ. ಎರಡರಿಂದ ನಾಲ್ಕು ವಾರದಲ್ಲಿ ಕಲ್ಲನ್ನು ಹಿಡಿಯುತ್ತದೆ. ಲೆದರ್ ನೀರಿಗೆ ಬಿಡುವ ರಾಸಾಯನಿಕ ಬೇರೆ ಹವಳಗಳಿಗೆ ಹಿಡಿಸುವುದಿಲ್ಲ, ಹಾಗಾಗಿ ಕೊಯ್ದ ವಾರ ಆಕ್ಟಿವೇಟೆಡ್ ಕಾರ್ಬನ್ ಇಡಿ. ಮಶ್ರೂಮ್ ಇನ್ನೂ ಸುಲಭ. ನಡುವಿನ ಬಾಯಿಯ ಮೂಲಕ ಎರಡು ಹೋಳು ಮಾಡಿ, ಕಲ್ಲಚೂರು ತುಂಬಿದ ಕಪ್ಪಿನಲ್ಲಿ ಹಾಕಿ, ಮೇಲೆ ಬಲೆ ಕಟ್ಟಿ ಹರಿವು ಕಡಿಮೆ ಇರುವ ಮೂಲೆಯಲ್ಲಿಡಿ. ಪ್ರತಿ ಹೋಳೂ ಮತ್ತೆ ದುಂಡಗಾಗಿ ಹೊಸ ಬಾಯಿ ಮೂಡಿಸಿಕೊಳ್ಳುತ್ತದೆ. ಝೀನಿಯಾಕ್ಕೆ ಕತ್ತರಿಯೂ ಬೇಡ. ಪಕ್ಕದಲ್ಲೊಂದು ಕಲ್ಲಿಟ್ಟರೆ ತಾನೇ ಅದರ ಮೇಲೆ ಹಬ್ಬುತ್ತದೆ.

ಜೊವಾಂಥಿಡ್ ಮಾತ್ರ ಬೇರೆ. ಅವುಗಳಲ್ಲಿ, ಹೆಚ್ಚಾಗಿ ಪ್ಯಾಲಿಥೊವಾ ಗುಂಪಿನಲ್ಲಿ, ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕೊಯ್ಯಬೇಡಿ. ಗಾಯದ ಕೈಯಿಂದ ಮುಟ್ಟಲೇಬೇಡಿ. ಅವು ಕೂತ ಕಲ್ಲನ್ನು ಕುದಿಯುವ ನೀರು ಹಾಕಿ ತೊಳೆಯುವುದು, ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜುವುದು ಜೀವಕ್ಕೇ ಅಪಾಯ. ಹೊರದೇಶಗಳಲ್ಲಿ ಹೀಗೆ ಆವಿ ಉಸಿರಾಡಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿವೆ. ಈ ಹವಳವನ್ನು ಕೊಡುವಾಗ ಈ ಮಾತನ್ನೂ ಹೇಳಿಯೇ ಕೊಡಬೇಕು. ಚಿಕ್ಕ ಮಕ್ಕಳ ಕೈಗೆ ಕೊಡಬಾರದು.

ಕೊಯ್ದ ದಿನವೇ ಕೊಡಬೇಡಿ. ಗಾಯ ಮಾಯ್ದು, ಎಸಳು ತೆರೆದು, ಕಲ್ಲು ಹಿಡಿದ ಮೇಲೆ ಕೊಡಿ. ಮುಚ್ಚಳ ಬಿಗಿಯಾದ ಡಬ್ಬಿ, ಅದನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟರೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಅನ್ನೂ ಹವಳ ತಾಳಿಕೊಳ್ಳುತ್ತದೆ. ತೆಗೆದುಕೊಂಡವರು ಅರ್ಧ ಗಂಟೆ ಹನಿಹನಿಯಾಗಿ ತಮ್ಮ ಟ್ಯಾಂಕಿನ ನೀರು ಬೆರೆಸಿ ಒಗ್ಗಿಸಬೇಕು, ಡಬ್ಬಿಯ ನೀರನ್ನು ಟ್ಯಾಂಕಿಗೆ ಸುರಿಯಬಾರದು. ಕಲ್ಲಿನ ಸಂದಿಯಲ್ಲಿ ಗಾಜಿನಂತೆ ಕಾಣುವ ಪುಟ್ಟ ಆಯಿಪ್ಟೇಸಿಯಾ ಹೂಜೀವಿ ಇದೆಯೇ ನೋಡಿ. ಒಂದು ಬಂದರೆ ಮುಂದೆ ನೂರಾಗುತ್ತದೆ.

ನಾಲ್ಕು ಮನೆಗಳಿಗೆ ಒಂದೇ ಹವಳದ ತುಂಡುಗಳು ಹೋಗಿದ್ದರೆ, ಒಂದು ಮನೆಯಲ್ಲಿ ಪಂಪು ಕೆಟ್ಟು ಎಲ್ಲ ಸತ್ತರೂ ಅದೇ ಹವಳ ಇನ್ನೊಂದು ಮನೆಯಿಂದ ಮರಳಿ ಬರುತ್ತದೆ. ಕೊಡುವುದಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಗೊತ್ತಿಲ್ಲ. ಹವಳವಷ್ಟೇ ಏಕೆ? ದೊಡ್ಡ ಸಾಲ್ಟ್ ಪೆಟ್ಟಿಗೆಯನ್ನು ಮೂವರು ಹಂಚಿಕೊಂಡರೆ ಅಗ್ಗ. ಹಂಚುವ ಮೊದಲು ಉರುಳಿಸಿ ಬೆರೆಸಿಕೊಳ್ಳಿ, ಹರಳುಗಳು ಪದರವಾಗಿ ಬೇರ್ಪಟ್ಟಿರುತ್ತವೆ. ರಿಫ್ರಾಕ್ಟೋಮೀಟರ್, ದುಬಾರಿ ಟೆಸ್ಟ್ ಕಿಟ್, ರೋಗಿ ಮೀನಿಗೆ ಬೇಕಾಗುವ ಬಿಡಿ ತೊಟ್ಟಿ ಒಂದು ಬಡಾವಣೆಗೆ ಒಂದಿದ್ದರೆ ಸಾಕು. ದಸರೆ ರಜೆಗೆ ಊರಿಗೆ ಹೋಗುವವರು ಮಾತ್ರೆ ಇಡುವ ವಾರದ ಡಬ್ಬಿಯಲ್ಲಿ ದಿನಕ್ಕೊಂದು ಖಾನೆಯಂತೆ ಆಹಾರ ಅಳೆದಿಟ್ಟು, ಸಿಹಿನೀರು ಎಲ್ಲಿಯವರೆಗೆ ತುಂಬಿಸಬೇಕೆಂದು ಗಾಜಿನ ಮೇಲೆ ಟೇಪ್ ಅಂಟಿಸಿ ಹೋದರೆ, ಮೀನು ಸಾಕದ ನೆರೆಯವರೂ ಟ್ಯಾಂಕ್ ನೋಡಿಕೊಳ್ಳಬಲ್ಲರು. ದಯೆಯಿಂದ ಕೈತುಂಬ ಆಹಾರ ಹಾಕುವವರಿಂದ ಟ್ಯಾಂಕನ್ನು ಕಾಪಾಡುವುದು ಆ ಡಬ್ಬಿಯೇ.

ಚಿತ್ರ ತೋರಿಸುವಾಗ ನೀಲಿ ದೀಪದಡಿ ತೆಗೆದ ಚಿತ್ರದ ಜೊತೆ ಬಿಳಿ ಬೆಳಕಿನದ್ದೂ ಇರಲಿ. ಇಲ್ಲದಿದ್ದರೆ ನೋಡಿದವರು ಆ ಹೊಳಪನ್ನು ಬೆನ್ನಟ್ಟಿ ದುಡ್ಡು ಕಳೆಯುತ್ತಾರೆ. ಏನು ಸತ್ತಿತು, ಆಗ ನೀರಿನ ಅಳತೆ ಎಷ್ಟಿತ್ತು ಎಂದು ಬರೆದಿಟ್ಟ ಪುಸ್ತಕ ಹೊಸಬರಿಗೆ ಚಿತ್ರಕ್ಕಿಂತ ಉಪಯೋಗ.

ಮಕ್ಕಳನ್ನು ರಾತ್ರಿ ಕರೆಯಿರಿ. ದೀಪ ಆರಿದ ಒಂದು ಗಂಟೆಯ ಮೇಲೆ ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ ಬೆಳಕು ಬಿಟ್ಟರೆ, ಹಗಲು ಕಾಣದ ಹುಳುಗಳು, ಸಾಸಿವೆಗಿಂತ ಚಿಕ್ಕ ಕೊಪೆಪಾಡ್‌ಗಳು ಗಾಜಿನ ಮೇಲೆ ಓಡಾಡುತ್ತಿರುತ್ತವೆ. ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಡಿ ಇಟ್ಟರೆ ಒಂದು ಇಡೀ ಪಾಠಕ್ಕಾಗುತ್ತದೆ. ಕ್ಲೌನ್ ಜೋಡಿ ಮೊಟ್ಟೆಯಿಟ್ಟರೆ ಇನ್ನೂ ಚೆನ್ನ. ಕಿತ್ತಳೆ ಬಣ್ಣದ ಮೊಟ್ಟೆಗಳಿಗೆ ಗಂಡು ಮೀನು ರೆಕ್ಕೆಯಿಂದ ಗಾಳಿ ಬೀಸುತ್ತ ಕಾವಲಿರುತ್ತದೆ; ದಿನ ಕಳೆದಂತೆ ಒಳಗೆ ಬೆಳ್ಳಿ ಬಣ್ಣದ ಕಣ್ಣುಗಳು ಮೂಡುತ್ತವೆ; ಒಂದು ವಾರದಿಂದ ಹತ್ತು ದಿನದೊಳಗೆ, ಕತ್ತಲಾದ ಮೇಲೆ, ಒಡೆಯುತ್ತವೆ. ಕ್ಲೌನ್ ಮೀನೆಲ್ಲ ಗಂಡಾಗಿ ಶುರುವಾಗಿ, ಗುಂಪಿನ ದೊಡ್ಡದು ಹೆಣ್ಣಾಗುತ್ತದೆ ಎಂದರೆ ಮಕ್ಕಳ ಪ್ರಶ್ನೆಗಳು ನಿಲ್ಲುವುದೇ ಇಲ್ಲ.

ಟ್ಯಾಂಕ್ ಮುಚ್ಚುವ ಸಂದರ್ಭವೂ ಬರುತ್ತದೆ. ವರ್ಗವಾಗುತ್ತದೆ, ಮನೆ ಬದಲಾಗುತ್ತದೆ. ಯಾವುದನ್ನೂ ಕೆರೆಗೆ, ಹೊಳೆಗೆ, ಕಡಲಿಗೆ ಬಿಡಬೇಡಿ. ಕೊಲೆರ್ಪಾ ಟ್ಯಾಕ್ಸಿಫೋಲಿಯಾ ಎಂಬ ಅಕ್ವೇರಿಯಂ ಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಕಡಲಲ್ಲಿ ಒಂದು ಸಣ್ಣ ತೇಪೆಯಾಗಿ ಕಂಡಿತ್ತು; ಆಮೇಲೆ ಮೆಡಿಟರೇನಿಯನ್ನಿನ ದಡದುದ್ದಕ್ಕೂ ಹಬ್ಬಿತು. ಟ್ಯಾಂಕಿನ ಪಾಚಿಯನ್ನು ಬಿಸಿಲಿನಲ್ಲಿ ಒಣಗಿಸಿ ಕಸಕ್ಕೆ ಹಾಕಿ. ಹಳೆಯ ನೀರನ್ನು ಮನೆಯ ಒಳಚರಂಡಿಗೆ ಬಿಡಿ, ಮಳೆನೀರಿನ ಕಾಲುವೆಗಲ್ಲ. ಗಿಡದ ಬುಡಕ್ಕಂತೂ ಬೇಡವೇ ಬೇಡ.

ಒಂದು ತಿಂಗಳು ಮೊದಲೇ ಬಲ್ಲವರಿಗೆ ತಿಳಿಸಿದರೆ ಎಲ್ಲಕ್ಕೂ ಮನೆ ಸಿಗುತ್ತದೆ. ಹವಳಗಳು ಮೊದಲು ಹೋಗಲಿ. ಕಲ್ಲುಗಳನ್ನು ಒಣಗಲು ಬಿಡದೆ ಉಪ್ಪುನೀರಿನಲ್ಲೇ ಮುಳುಗಿಸಿ ಕೊಡಿ. ಅವುಗಳ ಬ್ಯಾಕ್ಟೀರಿಯಾ ಸಾಯದಿದ್ದರೆ ಪಡೆದವರ ಹೊಸ ಟ್ಯಾಂಕಿಗೆ ಆರಂಭದ ಕಾಯುವಿಕೆ ಬಹಳ ತಗ್ಗುತ್ತದೆ. ಹಳೆಯ ಮರಳನ್ನು ಮಾತ್ರ ಕೊಡಬೇಡಿ, ಕಲಕಿದಾಗ ಏಳುವ ಕೊಳೆ ಹೊಸ ಟ್ಯಾಂಕನ್ನು ಕೆಡಿಸುತ್ತದೆ. ಮೀನು ಹಿಡಿಯುವುದು ಕಲ್ಲು ತೆಗೆದ ಮೇಲೆ. ಅಲ್ಲಿಯವರೆಗೆ ಎಷ್ಟು ಬಲೆಯಾಡಿಸಿದರೂ ಅವು ಸಂದಿ ಬಿಟ್ಟು ಬರುವುದಿಲ್ಲ.